ಅತ್ತೆ ಕೂರುತ್ತಿದ್ದ ಮೆಷೀನು

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವುದಕ್ಕೆ ಇಬ್ಬರು ಬೇಕಾಗಿತ್ತು. ಒಗೆಯುವುದಕ್ಕೆ ಮೆಷೀನು, ಮೆಷೀನಿನ ಮೇಲೆ ಕೂರುವುದಕ್ಕೆ ಅತ್ತೆ.

ಕೂರದಿದ್ದರೆ ಅದು ಹೊರಟೇಬಿಡುತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಹೊರಡುತ್ತಿತ್ತು. ಒಗೆಯುವಷ್ಟು ಹೊತ್ತು ಸಾಧುಪ್ರಾಣಿ. ನೀರೆಲ್ಲ ಹೊರಹಾಕಿ, ಬಟ್ಟೆ ಹಿಂಡಲು ಜೋರಾಗಿ ತಿರುಗತೊಡಗಿತೋ, ಅದರ ಬಣ್ಣವೇ ಬೇರೆ. ಮೊದಲು ಗೊಣಗುವುದು, ಆಮೇಲೆ ಮೈ ಕೊಡವುವುದು, ಆಮೇಲೆ ಒಂದೊಂದೇ ಕಾಲು ಎತ್ತಿಡುತ್ತ ಗೋಡೆ ಬಿಟ್ಟು ಬಾಗಿಲ ಕಡೆ ನಡೆಯುವುದು. ಒಮ್ಮೆ ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದು ಕಣ್ಣಿಗೆ ನಿದ್ದೆ ಹತ್ತಿದಾಗ, ನೀರಿನ ಪೈಪು ಕಿತ್ತುಕೊಂಡು ಅಡುಗೆಮನೆಯ ಹೊಸ್ತಿಲ ತನಕ ಬಂದು ನಿಂತಿತ್ತು. ಗಲ್ಲಿಯ ಕೊನೆಯ ಅಂಗಡಿಯ ಮೆಕ್ಯಾನಿಕ್ ಬಂದು ಪೈಪು ಹಾಕಿಕೊಟ್ಟು ಹೋದ. ನಾವು ಸಂಜೆ ಮನೆಗೆ ಬಂದಾಗ ನೆಲವೆಲ್ಲ ಒರೆಸಿ, ಅತ್ತೆ ಏನೂ ಆಗದವಳ ಹಾಗೆ ಟವೆಲ್ಲು ಮಡಚುತ್ತ ಕೂತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ದೊಡ್ಡ ಆಳು, ದೊಡ್ಡ ದನಿ, ದೊಡ್ಡ ಹೆಜ್ಜೆ. ಒಂದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಜೀವಮಾನವೆಲ್ಲ ಕೆಲಸ ಮಾಡಿದವಳು. ವಾರ್ಡುಗಳಿಂದ ಬಂದ ಕೊಳೆ ಹೊದಿಕೆಗಳನ್ನು ಒಳಗೆ ತೆಗೆದುಕೊಳ್ಳುವುದು, ಒಗೆದು ಇಸ್ತ್ರಿಯಾದದ್ದನ್ನು ಹೊರಗೆ ಕೊಡುವುದು, ನಡುವೆ ಯಾರಾದರೂ ಒಂದು ದಿಂಬಿನ ಚೀಲ ಹೆಚ್ಚಿಗೆ ಕೇಳಿದರೆ ಅವರ ಜನ್ಮ ಜಾಲಾಡುವುದು. ಎಂಥ ಹೊದಿಕೆಯನ್ನಾದರೂ ಒಬ್ಬಳೇ ಗಾಳಿಯಲ್ಲಿ ಕೊಡವಿ, ಗಲ್ಲಕ್ಕೆ ಒತ್ತಿ ಹಿಡಿದು, ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಿದ್ದಳು. ಆ ಮಡಿಕೆಯ ಅಂಚಿನಲ್ಲಿ ಬೆಣ್ಣೆ ಕೊಯ್ಯಬಹುದಿತ್ತು. "ಮುಖ ನೋಡಿ ಮೋಸ ಹೋಗಬಹುದು ಕಣೆ ಪುಟ್ಟಿ, ಬಟ್ಟೆ ನೋಡಿ ಹೋಗಕ್ಕಾಗಲ್ಲ," ಎನ್ನುತ್ತಿದ್ದಳು. ನನ್ನ ಅಂಗಿಯ ತೋಳು ನೋಡಿ, ನಾನು ಊಟದ ಡಬ್ಬಿ ತೆರೆಯದೆ ಅಂಗಡಿಯಲ್ಲಿ ಕರಿದ ತಿಂಡಿ ತಿಂದದ್ದನ್ನು ಪತ್ತೆ ಮಾಡಿದವಳು ಅವಳು. ನಾನು ಔಷಧಿ ಅಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲುವ ವಯಸ್ಸಿಗೆ ಬಂದ ಮೇಲೂ ಆ ತನಿಖೆ ನಿಲ್ಲಲಿಲ್ಲ.

ಮಾವ ಅದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಮಕ್ಕಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬಳೇ ಇರುವುದು ಬೇಡ ಎಂದು ಅಪ್ಪ ಹಟ ಹಿಡಿದು ನಮ್ಮ ಮನೆಗೆ ಕರೆತಂದ. "ಸ್ವಲ್ಪ ದಿನ ಇರ್ತೀನಿ," ಎಂದು ಬಂದವಳು, ಎರಡೇ ಸಾಮಾನು ತಂದಳು. ಒಂದು ತಗಡಿನ ಟ್ರಂಕು, ಇನ್ನೊಂದು ಮಾವ ಕೊಡಿಸಿದ್ದ ಈ ಮೆಷೀನು, ಮುಂದೆ ಗುಂಡನೆಯ ಗಾಜಿನ ಬಾಗಿಲಿರುವಂಥದ್ದು. ಇಂಥ ಮೆಷೀನನ್ನು ಸಾಗಿಸುವಾಗ ಬೆನ್ನಿನ ಕಡೆಯಿಂದ ಉದ್ದನೆಯ ಬೋಲ್ಟು ಹಾಕಿ ಒಳಗಿನ ಡ್ರಮ್ಮು ಅಲ್ಲಾಡದ ಹಾಗೆ ಬಿಗಿಯಬೇಕು. ಆ ಬೋಲ್ಟುಗಳನ್ನು ಅತ್ತೆ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟೂ ಇದ್ದಳು. ಆದರೆ ಅಪ್ಪ ನಕ್ಷೆ ಬರೆಯುವ ಕಚೇರಿಯಲ್ಲಿದ್ದವನು. ಕಾಗದದ ಮೇಲೆ ಬರೆಯಬಲ್ಲ ಯಾವ ವಸ್ತುವಾದರೂ ತನಗೆ ಅರ್ಥವಾಗುತ್ತದೆ ಎಂದು ನಂಬಿದವನು. "ಅದೆಲ್ಲ ಹಡಗಲ್ಲಿ ಕಳಿಸೋವಾಗ ಅಕ್ಕ, ಇಲ್ಲಿಂದ ಇಲ್ಲಿಗೆ ಯಾಕೆ?" ಎಂದವನೇ ಗೂಡ್ಸ್ ಗಾಡಿಯಲ್ಲಿ ಹಾಸಿಗೆ ಹಾಸಿ, ಮೆಷೀನನ್ನು ರೋಗಿಯ ಹಾಗೆ ಮಲಗಿಸಿ, ಮೇಲೆ ಕಂಬಳಿ ಹೊದಿಸಿ ತಂದ. ದಾರಿಯುದ್ದಕ್ಕೂ ಕಂಬಳಿಯ ಒಳಗಿನಿಂದ ಧಡ್ ಧಡ್ ಸದ್ದು ಬರುತ್ತಿತ್ತಂತೆ. ಅತ್ತೆ ತಲೆ ಹೊರಗೆ ಹಾಕಿ, "ಲೋ, ಅದು ಒಳಗಿಂದ ಬಾಗಿಲು ತಟ್ತಾ ಇದೆ ಕಣೋ," ಎಂದರೂ ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಲ್ಲಿಂದ ಅದರ ನಡಿಗೆ ಶುರುವಾಯಿತು, ಅಪ್ಪನ ಚಿಕಿತ್ಸೆಯೂ ಶುರುವಾಯಿತು. ಕಾಲ ಕೆಳಗೆ ರಬ್ಬರ್ ಹಾಳೆ ಇಟ್ಟ. ಅದು ರಬ್ಬರ್ ಹಾಳೆಯನ್ನೂ ಜೊತೆಗೆ ಕರೆದುಕೊಂಡು ನಡೆಯಿತು. ಮುಂದೆ ಇಟ್ಟಿಗೆ ಇಟ್ಟ. ಇಟ್ಟಿಗೆ ಪುಡಿಯಾಯಿತು. ಕಡೆಗೆ ಕಿಟಕಿಯ ಸರಳಿಗೆ ಹಗ್ಗ ಹಾಕಿ ಕಟ್ಟಿದ. ಹಗ್ಗ ಗಟ್ಟಿಯಿತ್ತು, ಗಂಟು ಗಟ್ಟಿಯಿತ್ತು, ಕಿಟಕಿ ಸಡಿಲವಾಯಿತು. ಅತ್ತೆಗೆ ರೇಗಿಹೋಯಿತು. "ಸಾಕು ಮಾಡೋ ನಿನ್ನ ಎಂಜಿನಿಯರಿಂಗು!" ಎಂದು ಸ್ಟೂಲು ಎಳೆದುಕೊಂಡು, ಅದರ ಮೇಲೆ ಕಾಲಿಟ್ಟು ಹತ್ತಿ, ಮೆಷೀನಿನ ನೆತ್ತಿಯ ಮೇಲೆ ಧೊಪ್ಪನೆ ಕೂತುಬಿಟ್ಟಳು. ಮೆಷೀನು ಒಂದು ಸಲ ಏದುಸಿರು ಬಿಟ್ಟು, ಇದ್ದಲ್ಲೇ ನಡುಗತೊಡಗಿತು. ಕಾಲು ಕೀಳಲಿಲ್ಲ.

ಅಂದಿನಿಂದ ಅದು ಅತ್ತೆಯ ಗಾದಿ.

ಅಷ್ಟು ಹೊತ್ತಿಗೆ ಅತ್ತೆ ಈ ಮನೆಯಲ್ಲಿ ತನಗೊಂದು ಕೆಲಸ ಹುಡುಕಿ ಸೋತಿದ್ದಳು. ಅಡುಗೆಮನೆ ಅಮ್ಮನದು, ಅಲ್ಲಿ ಬೇರೆಯವರು ಉಪ್ಪಿನ ಡಬ್ಬಿ ಮುಟ್ಟಿದರೂ ಅಮ್ಮನಿಗೆ ಗೊತ್ತಾಗುತ್ತಿತ್ತು. ಗಿಡಗಳಿಗೆ ನೀರು ಹಾಕುತ್ತೇನೆಂದು ಹೊರಟು ಆಸ್ಪತ್ರೆಯ ಅಳತೆಯಲ್ಲಿ ಹಾಕಿದಳು, ಗಿಡಗಳು ಕೊಳೆತವು. ನನಗೆ ಲೆಕ್ಕ ಹೇಳಿಕೊಡಲು ಕೂತಳು, ಇಬ್ಬರೂ ಅತ್ತು ಎದ್ದೆವು. ಯಾರೂ ಅವಳಿಗೆ ಕೆಲಸ ಮಾಡು ಎಂದಿರಲಿಲ್ಲ. ಅವಳಿಗೇ ಜೀವ ನಿಲ್ಲುತ್ತಿರಲಿಲ್ಲ. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು ಅಂತಾರೆ ಕಣೆ. ತಮ್ಮನ ಮನೇಲಿ ಕೂತು ಉಂಡ್ಲು ಅನ್ನಿಸ್ಕೊಂಡು ಸಾಯಬಾರ್ದು ನಾನು," ಎಂದು ನನ್ನೊಬ್ಬಳ ಹತ್ತಿರ ಹೇಳುತ್ತಿದ್ದಳು. ಯಾರಿಗೂ ಭಾರವಾಗಬಾರದು, ಈ ಮನೆಗೆ ತಾನು ಬೇಡವಾಗಬಾರದು. ಅವಳಿಗಿದ್ದದ್ದು ಇದೊಂದೇ ಭಯ. ನಗುವಾಗಲೂ ಇತ್ತು, ನಿದ್ದೆಯಲ್ಲೂ ಇತ್ತು ಎಂದು ಕಾಣುತ್ತದೆ.

ಮೆಷೀನು ಆ ಭಯಕ್ಕೆ ಮದ್ದಾಯಿತು. ಈಗ ಅವಳಿಲ್ಲದೆ ಈ ಮನೆಯ ಬಟ್ಟೆ ಒಣಗುವಂತಿರಲಿಲ್ಲ. ನಾನು ಕೂತರೆ ನನ್ನನ್ನೂ ಹೊತ್ತುಕೊಂಡು ಹೊರಡುತ್ತಿತ್ತು. ಅಮ್ಮ ಕಡ್ಡಿ, ಅಪ್ಪ ಅದಕ್ಕಿಂತ ಕಡ್ಡಿ. "ಕೂತು ತಿನ್ನೋರನ್ನ ಬೇಕಾದಷ್ಟು ನೋಡಿದ್ದೀನಿ, ಕೂತು ದುಡಿಯೋಳು ನಮ್ಮಕ್ಕ ಒಬ್ಬಳೇ," ಎಂದು ಅಪ್ಪ ರೇಗಿಸಿದರೆ ಅತ್ತೆ ಕಿರೀಟವಿಲ್ಲದ ರಾಣಿಯ ಹಾಗೆ ಬೀಗುತ್ತಿದ್ದಳು. ಯಾರ ಮನೆಗಾದರೂ ಹೋಗಿ ಎರಡು ದಿನ ಇರಿ ಎಂದರೆ, "ಅಯ್ಯೋ, ಬಟ್ಟೆ ಗತಿ?" ಎನ್ನುತ್ತಿದ್ದಳು.

ಬಚ್ಚಲಿನ ಪಕ್ಕದ ಆ ಸಣ್ಣ ಕೋಣೆಯಲ್ಲಿ ಒಂದು ನಲ್ಲಿ, ಸೋಪಿನ ಪುಡಿ ಇಡುವ ಒಂದು ಹಲಗೆ, ಅಪ್ಪ ಸಡಿಲ ಮಾಡಿದ್ದ ಕಿಟಕಿ, ಇಷ್ಟೇ ಇದ್ದದ್ದು. ಅತ್ತೆ ಒಂದು ಕೈಯಲ್ಲಿ ನಲ್ಲಿ ಹಿಡಿದು, ಕಾಲು ಇಳಿಬಿಟ್ಟು ಕೂತು ಗಡಗಡ ನಡುಗುತ್ತಿದ್ದಳು. ಗಲ್ಲ ನಡುಗುತ್ತಿತ್ತು, ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಅದು ತಿರುಗತೊಡಗಿದ ಸದ್ದು ಕೇಳಿದ ಕೂಡಲೇ ಅಮ್ಮ ಅಡುಗೆಮನೆಯಿಂದ, "ಅತ್ತಿಗೇ, ಶುರುವಾಯ್ತು!" ಎಂದು ಕೂಗುವುದು, ಅತ್ತೆ ಎಲ್ಲಿದ್ದರೂ ದಡದಡ ಬರುವುದು, ಹಿಂದೆಯೇ ಅಮ್ಮ ಹುರುಳಿಕಾಯಿಯೋ ಬಟಾಣಿಯೋ ಹಿಡಿದುಕೊಂಡು ಬಂದು ಬಾಗಿಲ ಬಳಿ ಮಣೆ ಹಾಕಿ ಕೂರುವುದು. ಆಮೇಲೆ ಇಬ್ಬರೂ ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೋ ದೇವರೇ ಬಲ್ಲ. ಆ ಗದ್ದಲದಲ್ಲಿ ಪಕ್ಕದಲ್ಲಿ ನಿಂತರೂ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಒಮ್ಮೊಮ್ಮೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ಅಮ್ಮ ಕಣ್ಣೊರೆಸಿಕೊಂಡದ್ದನ್ನೂ ನೋಡಿದ್ದೇನೆ. ಮೆಷೀನು ನಿಂತ ಕೂಡಲೇ ಇಬ್ಬರೂ ಬಾಯಿ ಮುಚ್ಚಿ ತಂತಮ್ಮ ಕೆಲಸಕ್ಕೆ ಹೋಗಿಬಿಡುತ್ತಿದ್ದರು.

ಅಮ್ಮ ಹೊರಗೆ ಮಾತು ಕಡಿಮೆ. ನಾಲಿಗೆ ಚುರುಕು, ಆದರೆ ಬಳಸುವುದು ಅಪರೂಪ. ಅತ್ತೆಯ ಹತ್ತಿರ ಅವಳು ಪ್ರೀತಿಯಿಂದ ಇದ್ದಾಳೋ, ಬರೀ ಮರ್ಯಾದೆಯಿಂದ ಇದ್ದಾಳೋ ಎಂಬುದು ಅತ್ತೆಗೆ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ಅತ್ತೆಯ ಸೊಂಟ ಹಿಡಿದುಕೊಂಡಿತು. ಮಂಚದಿಂದ ಏಳಲು ಗೋಡೆ ಹಿಡಿಯಬೇಕಾಯಿತು. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬೆನ್ನು ಒತ್ತಿ ನೋಡಿ, "ಮನೇಲಿ ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು.

"ಮೆಷೀನ್ ಮೇಲೆ ಕೂರ್ತೀನಿ," ಎಂದಳು ಅತ್ತೆ.

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ನಗು ತಡೆದುಕೊಂಡು, ಆ ನಡುಕ ಬೆನ್ನಿಗೆ ಒಳ್ಳೆಯದಲ್ಲ, ಇನ್ನು ಮೇಲೆ ಅದರ ಮೇಲೆ ಕೂರಲೇಬಾರದು ಎಂದು ಖಂಡಿತವಾಗಿ ಹೇಳಿದರು. ದಾರಿಯಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು, "ಮನೇಲಿ ಹೇಳಬೇಡ ಕಣೆ," ಎಂದಳು. ನಾನು ಹೊಸ್ತಿಲು ದಾಟುವ ಮೊದಲೇ ಹೇಳಿದೆ.

ಅಮ್ಮ ಕೈ ಒರೆಸಿಕೊಂಡು ಹೊರಗೆ ಬಂದು, "ಹಾಗಾದ್ರೆ ಆಯ್ತು. ಆ ಮೆಷೀನು ಕೊಟ್ಟುಬಿಡೋಣ, ಹೊಸದು ತರೋಣ," ಎಂದಳು.

"ನನ್ನ ಸೊಂಟ ನನಗೆ ಬಿಡಿ," ಎಂದಳು ಅತ್ತೆ. "ಅವರು ಕೊಡಿಸಿದ್ದು ಅದು. ಕೊಡೋಕಾಗಲ್ಲ."

"ಅಣ್ಣ ಕೊಡಿಸಿದ್ದು ಅಂತ ಸೊಂಟ ಮುರ್ಕೋತೀರಾ? ಬೇಡ ಅತ್ತಿಗೆ, ನಾನು ಕೂರೋಕೆ ಬಿಡಲ್ಲ. ರಿಪೇರಿ ಆಗೋ ಹಾಗಿದ್ರೆ ಮಾಡಿಸೋಣ. ಆಗಲ್ಲ ಅಂದ್ರೆ ಹಳೇ ಸಾಮಾನಿನವನಿಗೆ."

ರಿಪೇರಿ ಎಂಬ ಮಾತು ಬಂದದ್ದೇ ತಡ, ಅತ್ತೆಯ ಮುಖ ಇನ್ನೂ ಬಾಡಿತು. ಸಂಜೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಕೊಟ್ಟರೂ ನನ್ನ ಕೆಲಸ ಹೋಯ್ತು, ರಿಪೇರಿ ಆದರೂ ಹೋಯ್ತು. ಅತ್ತ ದರಿ ಇತ್ತ ಪುಲಿ ನೋಡು. ಆಮೇಲೆ ನಾನು ಆ ರೂಮಲ್ಲಿ ಬಾಗಿಲು ಹಾಕ್ಕೊಂಡು ಗೋಡೆ ನೋಡ್ತಾ ಕೂರಬೇಕು. ಊಟದ ಹೊತ್ತಿಗೆ ನೀವು ಕರೀಬೇಕು, ನಾನು ಬರಬೇಕು. ಅದೂ ಒಂದು ಬದುಕಾ?" ಎಂದಳು. "ಹಾಗೇನಿಲ್ಲ ಅತ್ತೆ," ಎಂದೆ. ಎಲ್ಲರೂ ಹೇಳುವ ಮಾತು ಅದು, ಕೇಳಿದವರಿಗೆ ಏನೂ ಆಗುವುದಿಲ್ಲ.

ನನ್ನ ರಜೆಯ ದಿನ ಬೆಳಿಗ್ಗೆ ಮೆಕ್ಯಾನಿಕ್ ಬಂದ. ಸಣಕಲು ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ, ಕೆಲಸ ಮಾಡುವಾಗ ಹಲ್ಲಿನ ಸಂದಿಯಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಅತ್ತೆಯನ್ನು ನೋಡಿ, "ಚೆನ್ನಾಗಿದ್ದೀರಾ ಅಮ್ಮಾ?" ಎಂದ. ಅತ್ತೆಗೆ ಅದೇ ಗಳಿಗೆಯಲ್ಲಿ ಕಿಟಕಿಯಾಚೆ ಏನೋ ನೋಡುವುದಿತ್ತು.

ಅವನು ಪ್ಲಗ್ಗು ಕಿತ್ತ, ನಲ್ಲಿ ತಿರುಗಿಸಿದ, ಕೆಳಗಿನ ಸಣ್ಣ ಮುಚ್ಚಳ ತೆಗೆದು ಒಳಗೆ ಉಳಿದ ನೀರನ್ನು ತಟ್ಟೆಗೆ ಬಸಿದ. ನೀರಿನ ಜೊತೆ ನನ್ನ ಕೋಟಿನ ಒಂದು ಗುಂಡಿಯೂ, ಅಪ್ಪ ಕಳೆದುಹೋಯಿತೆಂದು ಎಲ್ಲರ ಮೇಲೆ ಹಾರಾಡಿದ್ದ ಪೆನ್ನಿನ ಟೋಪಿಯೂ ಬಂದವು. ಆಮೇಲೆ ಗಾಜಿನ ಬಾಗಿಲು ತೆರೆದು, ಡ್ರಮ್ಮನ್ನು ಅಂಗೈಯಿಂದ ಕೆಳಗೆ ಒತ್ತಿ ಬಿಟ್ಟ. ಅದು ತೊಟ್ಟಿಲ ಹಾಗೆ ತೂಗುತ್ತಲೇ ಇತ್ತು.

"ಒತ್ತಿ ಬಿಟ್ಟರೆ ಒಂದೇ ಸಲ ಮೇಲೆ ಬಂದು ನಿಲ್ಲಬೇಕು," ಎಂದ. "ಇದರ ಶಾಕ್ ಅಬ್ಸಾರ್ಬರ್ ಎರಡೂ ಹೋಗಿವೆ."

"ಸ್ಕೂಟರಲ್ಲಿ ಇರುತ್ತಲ್ಲ, ಅದಾ?" ಎಂದ ಅಪ್ಪ.

"ಅದರ ತಮ್ಮ ಅಂದ್ಕೊಳ್ಳಿ. ಡ್ರಮ್ಮು ಮೇಲೆ ಸ್ಪ್ರಿಂಗಿಗೆ ನೇತಾಡ್ತಿರುತ್ತೆ. ಕೆಳಗಡೆ ಎರಡೂ ಕಡೆಯಿಂದ ಇವು ಹಿಡ್ಕೊಂಡಿರ್ತವೆ. ಅದು ಹಾರಾಡಿದ್ರೆ ಇವು ಸಮಾಧಾನ, ಸಮಾಧಾನ ಅಂತವೆ. ಡ್ರಮ್ಮು ಬಿಗಿಯದೆ ಎಲ್ಲಾದ್ರೂ ಸಾಗಿಸಿದ್ರಾ?"

ಅಪ್ಪ ಪೆನ್ನಿನ ಟೋಪಿ ಒರೆಸುವುದರಲ್ಲಿ ಮಗ್ನನಾದ.

"ಬದಲಾಯಿಸಿ ಹಾಗಾದ್ರೆ," ಎಂದಳು ಅಮ್ಮ.

"ಹಾಕಬಹುದು. ಜೊತೇಲೇ ಹಾಕಬೇಕು, ಒಂದೇ ಹಾಕಿದ್ರೆ ಹೊಸದು ಹಳೇದರ ಭಾರವೂ ಹೊತ್ತು ಅದೂ ಬೇಗ ಹೋಗುತ್ತೆ. ಆದರೆ ಈ ಮಾಡೆಲ್ ಸಾಮಾನು ಬರೋದು ನಿಂತು ಯಾವ ಕಾಲವಾಯ್ತು. ಬೇರೆ ಮಾಡೆಲಿಂದು ಇದಕ್ಕೆ ಕೂರಲ್ಲ, ಅಳತೆ ಬೇರೆ. ಎಲ್ಲಾ ಕಡೆ ವಿಚಾರಿಸ್ದೆ." ಅವನು ಕನ್ನಡಕ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಮೆಷೀನಿಗೇ ಹೇಳುವವನ ಹಾಗೆ ಹೇಳಿದ. "ಯಾರ ಹತ್ರನಾದ್ರೂ ಆಗಿಂದು ಇಟ್ಟಿದ್ದು ಇದ್ರೆ ಬೇರೆ ಮಾತು."

"ಇಲ್ಲದಿದ್ರೆ?" ಎಂದಳು ಅಮ್ಮ.

"ಇಲ್ಲದಿದ್ರೆ ಇದರ ಕಥೆ ಮುಗೀತು."

ಅಮ್ಮ ತಲೆಯಾಡಿಸಿದಳು. "ಸರಿ. ಹಳೇ ಸಾಮಾನಿನ ಗಾಡಿ ಇವತ್ತೇ ಬರುತ್ತೆ, ಕೊಟ್ಟು ಕಳಿಸ್ತೀನಿ. ಕೂತ್ಕೊಳ್ಳಿ, ಟೀ ಕುಡ್ಕೊಂಡು ಹೋಗಿ."

ಅತ್ತೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ನನ್ನ ಕಡೆ ನೋಡಿದ, ನಾನು ಅಪ್ಪನ ಕಡೆ ನೋಡಿದೆ. ಅಮ್ಮ ಟೀಗೆ ನೀರಿಟ್ಟಳು. ಯಾವತ್ತೂ ಸಣ್ಣ ಉರಿ ಕಂಡರೆ ಆಗದವಳು ಅವತ್ತು ತೀರಾ ಸಣ್ಣ ಉರಿಯಲ್ಲಿ ಇಟ್ಟಿದ್ದಳು.

ಟೀ ಲೋಟಕ್ಕೆ ಬೀಳುವ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಅತ್ತೆಯ ಕೈಯಲ್ಲಿ ಆಸ್ಪತ್ರೆಯ ಮುದ್ರೆಯಿದ್ದ ಹಳೆಯ ಟವೆಲ್ಲಿನ ಗಂಟಿತ್ತು. ಮೂಲೆಗೆ ಮೂಲೆ ಕೂಡಿಸಿ ಮಡಚಿದ್ದ ಗಂಟು. ಅದನ್ನು ಊಟದ ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗೆ ಮೊಳದುದ್ದಕ್ಕೂ ಕಡಿಮೆಯ ಎರಡು ಕಪ್ಪು ಕೊಳವೆಗಳು, ಹೊಸದಾಗಿ ಮಿರುಗುತ್ತಿದ್ದವು. ಸೈಕಲ್ ಪಂಪಿನ ಮರಿಗಳ ಹಾಗಿದ್ದವು.

"ಆಗ ಪೈಪು ಹಾಕೋಕೆ ಬಂದಾಗಲೇ ಇವರು ಹೇಳಿದ್ರು, ಶಾಕ್ ಹೋಗಿದೆ ಅಂತ," ಎಂದಳು ಅತ್ತೆ. ಅವಳ ಅಷ್ಟು ದೊಡ್ಡ ದನಿ ಎಲ್ಲಿ ಹೋಗಿತ್ತೋ. "ಮಾರನೇ ದಿನ ಇವನ್ನ ತಂದೂ ಕೊಟ್ಟರು. ಈಗ ಬೇಡ, ಆಮೇಲೆ ಕರೀತೀನಿ ಅಂದೆ. ಕರೀಲೇ ಇಲ್ಲ. ಟ್ರಂಕಲ್ಲಿ ಬಚ್ಚಿಟ್ಟೆ. ಇದು ಸರಿಹೋದ್ರೆ ಈ ಮನೇಲಿ ನನಗೇನು ಕೆಲಸ ಇದೆ? ಅದಕ್ಕೇ ಬಚ್ಚಿಟ್ಟೆ. ಇನ್ನು ನೀವು ಏನಾದ್ರೂ ಅಂದ್ಕೊಳ್ಳಿ. ಅವರು ಕೊಡಿಸಿದ್ದನ್ನ ಗುಜರಿಗೆ ಮಾತ್ರ ಹಾಕಬೇಡಿ."

ಅಪ್ಪನಿಗೆ ಮೌನ ಕಂಡರೆ ಆಗುವುದಿಲ್ಲ, ಬಾಯಿ ತೆರೆದ. ಅಮ್ಮ ಒಂದು ನೋಟ ಬೀರಿದಳು, ಮುಚ್ಚಿದ.

"ಟೀ ಆರಿಹೋಗುತ್ತೆ," ಎಂದಳು ಅಮ್ಮ ಮೆಕ್ಯಾನಿಕ್‌ಗೆ. "ಕುಡಿದು ಕೆಲಸ ಶುರು ಮಾಡಿ." ಅಷ್ಟು ಹೇಳಿ ಅಡುಗೆಮನೆಗೆ ಹೋಗಿಬಿಟ್ಟಳು.

ಅತ್ತೆಯ ಕಣ್ಣು ತುಂಬಿತು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ನನಗೆ ಅಮ್ಮನ ಮೇಲೆ ಆ ಕ್ಷಣ ವಿಪರೀತ ಕೋಪ ಬಂತು. ಒಂದು ಮಾತು ಆಡಿದ್ದರೆ ಗಂಟೇನು ಹೋಗುತ್ತಿತ್ತು?

ನೆಲಕ್ಕೆ ಹಳೆಯ ಕಂಬಳಿ ಹಾಸಿ, ಮೆಕ್ಯಾನಿಕ್ಕೂ ಅಪ್ಪನೂ ನಾನೂ ಸೇರಿ ಮೆಷೀನನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿದೆವು. ಅಪ್ಪ ಹಾಸಿಗೆ ತರಲು ಹೊರಟಿದ್ದ, ಬೇಡ ಎಂದೆವು. ತಳ ತೆರೆದೇ ಇತ್ತು. ಒಳಗೆ ಡ್ರಮ್ಮಿನ ಹೊಟ್ಟೆ ಕಾಣುತ್ತಿತ್ತು, ಎರಡು ಪಕ್ಕದಲ್ಲಿ ಓರೆಯಾಗಿ ನಿಂತ ಹಳೆಯ ಕೊಳವೆಗಳು ಕಂಡವು. ಮೇಲೊಂದು ಕೆಳಗೊಂದು ಗೂಟದಲ್ಲಿ ಅವು ಸಿಕ್ಕಿಕೊಂಡಿದ್ದವು. ಮೆಕ್ಯಾನಿಕ್ ಗೂಟದ ಸಣ್ಣ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಹಿಡಿದು, ಇಕ್ಕಳದಲ್ಲಿ ಅಲುಗಿಸಿ ಅಲುಗಿಸಿ ಎಳೆದ. ಕೊನೆಯ ಗೂಟ ಹಟ ಮಾಡಿತು. ಅವನ ಸಿಳ್ಳೆ ನಿಂತಿತು, ಒಂದೆರಡು ಬೈಗುಳ ಹಲ್ಲಿನ ಹಿಂದೆಯೇ ಉಳಿದವು, ಗೂಟ ಬಂತು.

ಹೊರತೆಗೆದ ಹಳೆಯದೊಂದನ್ನು ಅತ್ತೆಯ ಕೈಗೆ ಕೊಟ್ಟು, "ಒತ್ತಿ ನೋಡಿ ಅಮ್ಮಾ," ಎಂದ. ಅತ್ತೆ ಒಂದು ಬೆರಳಿನಿಂದ ಒತ್ತಿದಳು. ಅದು ಸರ್ರನೆ ಒಳಗೆ ಹೋಯಿತು, ಎಳೆದರೆ ಸರ್ರನೆ ಹೊರಗೆ ಬಂತು. ಆಮೇಲೆ ಹೊಸದನ್ನು ಕೊಟ್ಟ. ಅತ್ತೆ ಎರಡೂ ಕೈ ಹಾಕಿ, ಹೊಟ್ಟೆಗೆ ಒತ್ತಿಕೊಂಡು ಬಲ ಹಾಕಿದ ಮೇಲೆ ಅದು ಅಷ್ಟಷ್ಟೇ ಜಗ್ಗಿತು.

"ಟ್ರಂಕಲ್ಲಿ ಇಟ್ಟರೂ ಗ್ರೀಸು ಒಣಗಿಲ್ಲ. ಚೆನ್ನಾಗಿ ಇಟ್ಟಿದ್ದೀರಿ," ಎಂದ ಅವನು. ಹೊಗಳಿದನೋ ಸಮಾಧಾನ ಮಾಡಿದನೋ ಗೊತ್ತಾಗಲಿಲ್ಲ. ಅತ್ತೆ ಅಷ್ಟಕ್ಕೂ ತಲೆಯಾಡಿಸಿದಳು.

ಹೊಸ ಜೋಡಿ ಕೂತಿತು. ಮೆಷೀನು ಎದ್ದು ನಿಂತಿತು. ನಾಲ್ಕು ಕಾಲನ್ನೂ ತಿರುಪಿ ಮಟ್ಟ ನೋಡಿ, ಒದ್ದೆ ಟವೆಲ್ಲುಗಳನ್ನು ಹಾಕಿ, ಮೆಕ್ಯಾನಿಕ್ ಒಂದು ಲೋಟದ ತುಂಬ ನೀರು ತುಂಬಿ ಅದರ ನೆತ್ತಿಯ ಮೇಲಿಟ್ಟ. ಸರಿಯಾಗಿ ಅತ್ತೆ ಕೂರುತ್ತಿದ್ದ ಜಾಗದಲ್ಲಿ. ಹಿಂಡುವ ಗುಂಡಿ ಒತ್ತಿದ. ಡ್ರಮ್ಮು ಗಿರ್ರನೆ ತಿರುಗಿತು, ವೇಗ ಹೆಚ್ಚಿತು, ಇನ್ನೂ ಹೆಚ್ಚಿತು. ಸಣ್ಣಗೆ ಗುಂಯ್ ಎನ್ನುವುದು ಬಿಟ್ಟರೆ ಸದ್ದಿಲ್ಲ. ಲೋಟದ ನೀರಿನಲ್ಲಿ ಒಂದು ಸಣ್ಣ ನಡುಕ ಎದ್ದು ಅಲ್ಲೇ ಅಡಗಿತು, ಹನಿಯೂ ಚೆಲ್ಲಲಿಲ್ಲ. ನಾವೆಲ್ಲ ಸುತ್ತ ನಿಂತು ನೋಡಿದೆವು. ಅತ್ತೆಯ ಕೈ ಅಭ್ಯಾಸಬಲದಿಂದ ನಲ್ಲಿ ಹಿಡಿಯಲು ಹೋಗಿ, ಹಿಡಿಯದೆ ಹಿಂದೆ ಬಂತು.

ಅದಾದ ಮೇಲೆ ಅತ್ತೆ ಮನೆಯೊಳಗೆ ಅತಿಥಿಯ ಹಾಗೆ ಓಡಾಡತೊಡಗಿದಳು. ಒರೆಸಿದ ಮೇಜನ್ನೇ ಒರೆಸುವುದು, ಮಡಚಿದ್ದನ್ನೇ ಬಿಚ್ಚಿ ಮಡಚುವುದು. ತಟ್ಟೆಗೆ ಬಡಿಸಿದರೆ, "ಸಾಕು, ಸಾಕು." ನನ್ನ ಕೋಟಿನ ತನಿಖೆ ನಿಂತುಹೋಯಿತು. ಅದು ನನಗೆ ಎಲ್ಲಕ್ಕಿಂತ ಸಂಕಟವಾಯಿತು. ಅಪ್ಪ, "ಅಕ್ಕ, ಇನ್ನು ಆರಾಮಾಗಿ ಕೂತ್ಕೋ," ಎಂದು ಗಾಯಕ್ಕೆ ಉಪ್ಪು ಸವರಿದ. ಒಂದು ಬೆಳಿಗ್ಗೆ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು. "ಬಟ್ಟೆ ಕೋಣೇಲಿ ನನ್ನ ಜೊತೆ ಇದ್ದವಳು ಕರೀತಾನೇ ಇದ್ದಾಳೆ. ಹೋಗಿ ಸ್ವಲ್ಪ ದಿನ ಇದ್ದು ಬರ್ತೀನಿ," ಎಂದಳು ಅತ್ತೆ. ನಮ್ಮ ಮನೆಗೂ ಅವಳು ಸ್ವಲ್ಪ ದಿನ ಇರಲೆಂದೇ ಬಂದದ್ದು. ಸ್ವಲ್ಪ ದಿನ ಎಂದರೆ ಏನೆಂದು ನನಗೆ ಗೊತ್ತಿತ್ತು. ಅಮ್ಮ ಕೇಳಿಸಿಕೊಂಡಳು. ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಗೆಯುವ ಕೋಣೆಗೆ ಹೋದಳು.

ನಾನು ಕೆಲಸಕ್ಕೆ ಹೊರಡುವ ಮೊದಲು ಕೋಟಿಗಾಗಿ ಕಾಯುತ್ತ ನಿಂತಿದ್ದೆ, ಕೋಟು ಮೆಷೀನಿನಲ್ಲಿತ್ತು. ಆಗ ಒಳಗಿನಿಂದ ಅಮ್ಮನ ಕೂಗು ಕೇಳಿತು.

"ಅತ್ತಿಗೇ! ಶುರುವಾಯ್ತು!"

ಅತ್ತೆ ಕೈಯಲ್ಲಿದ್ದದ್ದನ್ನು ಬಿಸಾಕಿ, ಸೊಂಟ ಹಿಡಿದುಕೊಂಡು, ದಡದಡ ಓಡಿದಳು. ಏನಾಯಿತೋ ಎಂದು ನಾನೂ ಹಿಂದೆ ಹೋದೆ. ಏನೂ ಆಗಿರಲಿಲ್ಲ. ಮೆಷೀನು ಗುಂಯ್ ಎಂದು ತನ್ನ ಪಾಡಿಗೆ ತಿರುಗುತ್ತಿತ್ತು. ಅದರ ಮೇಲೆ ಒಂದು ದಪ್ಪ ಹೊದಿಕೆಯನ್ನು ಮಡಚಿ ಹಾಸಿತ್ತು, ಮೂಲೆಗೆ ಮೂಲೆ ಕೂಡಿರಲಿಲ್ಲ. ಮುಂದೆ ಸ್ಟೂಲಿತ್ತು. ಅಮ್ಮ ಬಾಗಿಲ ಬಳಿ ಮಣೆ ಹಾಕಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು.

"ಹತ್ತಿ," ಎಂದಳು.

"ಯಾಕೆ? ಅದು ಇನ್ನು ಓಡಲ್ಲವಲ್ಲ," ಎಂದಳು ಅತ್ತೆ.

"ಓಡಲ್ಲ ಅಂತ ನನಗೂ ಗೊತ್ತು. ಡಾಕ್ಟರ್ ಬೇಡ ಅಂದಿದ್ದು ನಡುಗೋ ಮೆಷೀನು. ಇದು ನಡುಗಲ್ಲ. ಹತ್ತಿ."

ಅತ್ತೆ ನಿಂತೇ ಇದ್ದಳು. ಅಮ್ಮ ಕಾಯಿಯಿಂದ ಕಣ್ಣೆತ್ತಲಿಲ್ಲ. "ಟ್ರಂಕಲ್ಲಿ ಅವು ಇರೋದು ನನಗೆ ಯಾವಾಗಲೋ ಗೊತ್ತಿತ್ತು. ನುಸಿ ಗುಳಿಗೆ ಹಾಕೋಕೆ ತೆಗೆದಾಗ ನೋಡಿದ್ದೆ. ಮೆಕ್ಯಾನಿಕ್ಕನ್ನ ಕೇಳಿ ಏನು ಅಂತ ತಿಳ್ಕೊಂಡೂ ಇದ್ದೆ."

"ಗೊತ್ತಿತ್ತಾ?" ಎಂದಳು ಅತ್ತೆ. "ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದೆಯಾ?"

"ಸುಮ್ಮನಿದ್ದೆ. ಸೊಂಟ ಹಿಡಿದ ಮೇಲೆ ಇರೋಕಾಗಲಿಲ್ಲ. ನಾನೇ ತೆಗೆದು ತಂದ್ರೆ ನಿಮಗೆ ಅವಮಾನ. ಅದಕ್ಕೇ ಗುಜರಿ ಅಂತ ಹೆದರಿಸ್ದೆ, ನೀವೇ ತರಲಿ ಅಂತ." ಅಮ್ಮನ ಕೈ ನಿಂತಿತು. "ಇದು ರಿಪೇರಿ ಆದ್ರೆ ನೀವು ನಿಮ್ಮ ರೂಮಿಗೆ ಹೋಗಿ ಬಾಗಿಲು ಹಾಕ್ಕೋತೀರಿ ಅಂತ ನನಗೂ ಭಯ ಇತ್ತು ಅತ್ತಿಗೆ. ಈ ಮನೇಲಿ ನನ್ನ ಮಾತು ಕೇಳೋರು ಇನ್ಯಾರಿದ್ದಾರೆ ಹೇಳಿ? ಇವರಿಗೆ ಪೆನ್ನಿನ ಟೋಪಿ, ಇವಳಿಗೆ ಮಾತ್ರೆ ಸೀಸೆ."

ಅತ್ತೆ ಸ್ಟೂಲಿನ ಮೇಲೆ ಕಾಲಿಟ್ಟಳು. ಅಮ್ಮ ಎದ್ದು ತೋಳು ಹಿಡಿದುಕೊಂಡಳು. ಅತ್ತೆ ಹತ್ತಿ ಕೂತಳು, ಹೊದಿಕೆಯ ಮಡಿಕೆ ನೋಡಿ ಮೂಗು ಮುರಿದಳು, ಎಡಗೈಯಲ್ಲಿ ಕಣ್ಣೊರೆಸಿಕೊಂಡು ಬಲಗೈ ಚಾಚಿದಳು. "ಕೊಡೆ ಇಲ್ಲಿ ಅರ್ಧ. ನಿನಗೆ ನಾರು ತೆಗೆಯೋಕೆ ಇವತ್ತಿಗೂ ಬರಲ್ಲ."

ಅಷ್ಟು ವರ್ಷ ಆ ಗದ್ದಲದೊಳಗೆ ಇವರು ಏನು ಮಾತಾಡುತ್ತಿದ್ದರೆಂದು ಈಗಲಾದರೂ ಕೇಳೋಣವೆಂದು ನಾನು ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡು ನಿಂತೆ. ಅತ್ತೆ ಶುರು ಮಾಡಿದಳು. "ಅಲ್ಲ ಕಣೆ, ಆವತ್ತು ನಿನ್ನ ಗಂಡ..."

"ಮೆಲ್ಲಗೆ ಅತ್ತಿಗೆ," ಎಂದಳು ಅಮ್ಮ. "ಈಗ ಹೊರಗೆಲ್ಲ ಕೇಳಿಸುತ್ತೆ."

"ಹಾಗಾದ್ರೆ ಬಾಗಿಲು ಹಾಕೇ."

ಅಮ್ಮ ನನ್ನ ಮುಖದ ಮೇಲೆಯೇ ಬಾಗಿಲು ಹಾಕಿದಳು. ಸ್ವಲ್ಪ ಹೊತ್ತಿಗೆ ಮೆಷೀನು ನಿಂತಿತು, ಒಳಗಿನ ಪಿಸುಮಾತು ನಿಲ್ಲಲಿಲ್ಲ. ನಾನು ತಟ್ಟಲು ಕೈ ಎತ್ತಿದೆ, ಆಗಲೇ ಇಬ್ಬರೂ ನಗತೊಡಗಿದರು. ಕೈ ಇಳಿಸಿ, ಹಿಂದಿನ ದಿನದ ಕೊಳೆ ಕೋಟನ್ನೇ ಹಾಕಿಕೊಂಡು ಕೆಲಸಕ್ಕೆ ಹೊರಟೆ.